ಅರ್ಧ ರೇಟಿನ ಆಟ, ಪೂರ್ತಿ ರೇಟಿನ ಯಂತ್ರ

ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟಕ್ಕೆ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಅಮೆರಿಕದವರು ಕೊಡುವುದು 59.99 ಡಾಲರ್. ನಮಗೆ 2,999 ರೂಪಾಯಿ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ ಅವರ ಬೆಲೆ 5,100 ರೂಪಾಯಿ ಆಗುತ್ತದೆ. ಅದೇ ಆಟ, ಅದೇ ಫೈಲುಗಳು, ನಮಗೆ ನಲವತ್ತು ಪರ್ಸೆಂಟ್ ಕಡಿಮೆಗೆ. ಡಲ್ಲಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಈ ವಿಷಯ ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಾನೆ: "ನಿಮಗೇನು ಬಿಡಣ್ಣ, ಎಲ್ಲ ಅರ್ಧ ರೇಟು." ಫೋನಿನಲ್ಲಿ ಇದಕ್ಕೆ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅಷ್ಟರಲ್ಲಿ ಅವನಿಗೆ ಮೀಟಿಂಗ್ ಶುರುವಾಗಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ದರ್ಶಿನಿಯಲ್ಲಿ ಮಸಾಲೆ ದೋಸೆಗೆ 80 ರೂಪಾಯಿ ಆಸುಪಾಸು. ಡಲ್ಲಾಸ್‌ನಲ್ಲಿ ಅದೇ ದೋಸೆಗೆ ಹನ್ನೆರಡು ಹದಿಮೂರು ಡಾಲರ್, ಮೇಲೆ ಟಿಪ್ಸು ಬೇರೆ. ಬಿಸಿ ದೋಸೆಯನ್ನು ಇಲ್ಲಿಂದ ಹೊತ್ತುಕೊಂಡು ಹೋಗಿ ಅಲ್ಲಿ ಮಾರಲು ಆಗುವುದಿಲ್ಲ. ಹಾಗಾಗಿ ಅದರ ಬೆಲೆ ಆಯಾ ಊರಿನ ಬಾಡಿಗೆ, ಅಡುಗೆಯವರ ಸಂಬಳ, ಗಿರಾಕಿಯ ಜೇಬು ನೋಡಿಕೊಂಡು ನಿಲ್ಲುತ್ತದೆ. ಹಡಗಿನಲ್ಲಿ ಸಾಗಿಸಬಹುದಾದ ಸಾಮಾನಿನ ಬೆಲೆ ಎಲ್ಲ ದೇಶಗಳಲ್ಲೂ ಹತ್ತಿರ ಹತ್ತಿರ ಇರುತ್ತದೆ. ಸಾಗಿಸಲಾಗದ ಕೆಲಸಗಳು ಬಡದೇಶದಲ್ಲಿ ಅಗ್ಗ. 1964ರಲ್ಲಿ ಬೆಲಾ ಬಲಾಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಬೇರೆ ಬೇರೆಯಾಗಿ ವಿವರಿಸಿದರು. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು, ಸೇವೆ ಭಾರತದಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ ಅನ್ನುವುದು ವಿಶ್ವ ಬ್ಯಾಂಕಿನ ಅಂದಾಜು.

(ಇಂಥ ಹೋಲಿಕೆಗೆ ದಿ ಎಕಾನಮಿಸ್ಟ್ ಪತ್ರಿಕೆ 1986ರಿಂದ ಬಿಗ್ ಮ್ಯಾಕ್ ಬರ್ಗರಿನ ಬೆಲೆ ಬಳಸುತ್ತಿದೆ. ನಮ್ಮಲ್ಲಿ ದನದ ಮಾಂಸದ ಬಿಗ್ ಮ್ಯಾಕ್ ಸಿಗದ ಕಾರಣ ಭಾರತಕ್ಕೆ ಕೋಳಿಯ ಮಹಾರಾಜ ಮ್ಯಾಕ್ ಹಿಡಿದುಕೊಂಡರು. ದೋಸೆ ಇಟ್ಟುಕೊಂಡಿದ್ದರೆ ಇಷ್ಟು ತಾಪತ್ರಯ ಇರುತ್ತಿರಲಿಲ್ಲ.)

ಆ 20 ರೂಪಾಯಿ ಲೆಕ್ಕ ಹಿಡಿದರೆ ಬಾಲ್ಡರ್ಸ್ ಗೇಟ್‌ಗೆ ಇಲ್ಲಿ 1,200 ರೂಪಾಯಿ ಇರಬೇಕು. ಇರುವುದು 2,999. ಡಾಲರ್ ಕಡೆಯಿಂದ ನೋಡಿದರೆ ಭಾರಿ ರಿಯಾಯಿತಿ, ನಮ್ಮ ಅಂಗಡಿ ಬೀದಿ ಕಡೆಯಿಂದ ನೋಡಿದರೆ ಎರಡೂವರೆ ಪಟ್ಟು.

ಕೂಲಿಯಲ್ಲಿ ಅಳೆದರೆ ಇನ್ನೂ ಖಾರ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಅಷ್ಟೇ ಸಿಗುವವನು ಎಂಟು ಗಂಟೆ ಚಿಲ್ಲರೆ ದುಡಿದರೆ ಈ ಆಟ ಕೊಳ್ಳಬಹುದು. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 2,999ಕ್ಕೆ ಎಂಟು ದಿನ ಚಿಲ್ಲರೆ ದುಡಿಯಬೇಕು. ಅಲ್ಲಿ ಎಂಟು ಗಂಟೆ, ಇಲ್ಲಿ ಎಂಟು ದಿನ. ಅದೂ ರಿಯಾಯಿತಿ ಸಿಕ್ಕ ಮೇಲೆ! ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕನಿಷ್ಠ ಕೂಲಿ 7.25ಕ್ಕಿಂತ ಜಾಸ್ತಿ, ಅಲ್ಲಿಗೆ ಹೋಲಿಸಿದರೆ ಅಂತರ ಇನ್ನೂ ದೊಡ್ಡದು. ನರೇಗಾ ಕೆಲಸಕ್ಕೆ ಹೋಗುವವರು ಈ ಆಟ ಆಡುತ್ತಾರಾ ಅಂತ ಯಾರಾದರೂ ಕೇಳಬಹುದು. ಅವರ ಮನೆಯ ಹುಡುಗರು ಡಿಗ್ರಿ ಓದುತ್ತಿರುತ್ತಾರೆ, ಅವರ ಕೈಯಲ್ಲಿ ಯೂಟ್ಯೂಬ್ ಇದೆ. ಯಾವ ಆಟ ಹೇಗಿದೆ ಅಂತ ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.

ಹಾಗಂತ ಆಟದ ಪ್ರಕಾಶಕರು ನಮ್ಮ ಮೇಲೆ ಕನಿಕರಪಟ್ಟು ಬೆಲೆ ಇಳಿಸಿದ್ದಾರೆ ಅಂತ ಅಲ್ಲ. ಆಟ ಮಾಡಲು ಕೋಟಿಗಟ್ಟಲೆ ಖರ್ಚಾಗುತ್ತದೆ. ಮಾಡಿದ ಮೇಲೆ ಇನ್ನೊಂದು ಪ್ರತಿ ಮಾರಲು ಹೆಚ್ಚೂ ಕಡಿಮೆ ಏನೂ ಖರ್ಚಿಲ್ಲ. 5,100 ಇಟ್ಟರೆ ಕೊಳ್ಳದವನು 2,999ಕ್ಕೆ ಕೊಂಡ ಅಂತಿಟ್ಟುಕೊಳ್ಳಿ. ಅದರಲ್ಲಿ ಶೇ. 18 ಜಿಎಸ್‌ಟಿ ಹೋಗಿ, ಉಳಿದದ್ದರಲ್ಲಿ ಸ್ಟೀಮ್ ತನ್ನ ಶೇ. 30 ಮುರಿದುಕೊಂಡರೂ ಪ್ರಕಾಶಕನ ಕೈಗೆ 1,780 ರೂಪಾಯಿ ಹತ್ತಿರ ಬರುತ್ತದೆ. ಇಲ್ಲದಿದ್ದರೆ ಬರುತ್ತಿದ್ದದ್ದು ಸೊನ್ನೆ. ಶುದ್ಧ ವ್ಯಾಪಾರ ಇದು. ನನಗೇನೂ ಬೇಜಾರಿಲ್ಲ.

ಈ ವ್ಯಾಪಾರ ಹೊಸದೂ ಅಲ್ಲ. ಇಂಜಿನಿಯರಿಂಗ್ ಓದಿದವರೆಲ್ಲ ಅದನ್ನು ಕೈಯಲ್ಲಿ ಹಿಡಿದಿದ್ದೇವೆ. ಅಮೆರಿಕದ ದಪ್ಪ ಪಠ್ಯಪುಸ್ತಕಗಳ ಲೋ ಪ್ರೈಸ್ ಎಡಿಷನ್, ಈಸ್ಟರ್ನ್ ಎಕಾನಮಿ ಎಡಿಷನ್. ತೆಳು ಕಾಗದ, ಪೇಪರ್ ಬೈಂಡಿಂಗ್, ಬಣ್ಣದ ಚಿತ್ರಗಳೆಲ್ಲ ಕಪ್ಪು ಬಿಳುಪು. ರಟ್ಟಿನ ಮೇಲೆ ಒಂದು ಸಾಲು: ಭಾರತ, ನೇಪಾಳ, ಶ್ರೀಲಂಕಾ ಇತ್ಯಾದಿ ದೇಶಗಳಲ್ಲಿ ಮಾತ್ರ ಮಾರಾಟಕ್ಕೆ. ಅವೆನ್ಯೂ ರೋಡಿನಲ್ಲಿ ಅದೇ ಪುಸ್ತಕ ಮೂರನೇ ಕೈಗೆ, ನಾಲ್ಕನೇ ಕೈಗೆ ಹೋಗುತ್ತಿತ್ತು. ಒಳಗಿನ ಗಣಿತ ಮಾತ್ರ ಅಮೆರಿಕದ್ದೇ.

ಥಾಯ್ಲೆಂಡಿನಿಂದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಓದಲು ಹೋದ ಸುಪಾಪ್ ಕಿರ್ತ್‌ಸೇಂಗ್ ಎಂಬ ಹುಡುಗನಿಗೆ ಈ ಅಂತರ ಕಣ್ಣಿಗೆ ಬಿತ್ತು. ಊರಿನಲ್ಲಿದ್ದ ನೆಂಟರಿಗೆ, ಸ್ನೇಹಿತರಿಗೆ ಹೇಳಿ ಅಲ್ಲಿನ ಅಗ್ಗದ ಪ್ರತಿಗಳನ್ನು ತರಿಸಿ, ಈಬೇಯಲ್ಲಿ ಅಮೆರಿಕದವರಿಗೆ ಮಾರಿದ. ಪುಸ್ತಕದ ಕಂಪನಿ ಜಾನ್ ವೈಲಿ ಕೇಸು ಹಾಕಿತು. ಅದು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. 2013ರಲ್ಲಿ ಆರು ಮೂರರ ಬಹುಮತದಲ್ಲಿ ಹುಡುಗನೇ ಗೆದ್ದ. ಕಂಪನಿಯ ಒಪ್ಪಿಗೆಯಿಂದಲೇ ಅಚ್ಚಾದ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡ ಮೇಲೆ, ಅದು ಯಾವ ದೇಶದಲ್ಲಿ ಅಚ್ಚಾಗಿದ್ದರೂ ಸರಿ, ಮತ್ತೆ ಮಾರುವ ಹಕ್ಕು ಕೊಂಡವನದ್ದು ಅಂತ ಕೋರ್ಟ್ ಹೇಳಿತು. ಓದಿದಾಗ ಖುಷಿಯಾಗುತ್ತದೆ, ಅಲ್ವಾ? ಆದರೆ ಕಂಪನಿಗಳು ಇದರಿಂದ ಕಲಿಯುವ ಪಾಠ ಬೇರೆ. ಅಗ್ಗದ ಪ್ರತಿ ವಾಪಸ್ ತಮ್ಮ ದೊಡ್ಡ ಮಾರುಕಟ್ಟೆಗೇ ಬರುವುದಾದರೆ ಅಗ್ಗದ ಪ್ರತಿಯನ್ನು ಮಾಡುವುದೇ ಬೇಡ, ಇಲ್ಲವೇ ಬೇಲಿ ಗಟ್ಟಿ ಮಾಡಬೇಕು.

ಆಟಗಳ ಅಂಗಡಿ ಬೇಲಿಯನ್ನೇ ಗಟ್ಟಿ ಮಾಡಿಕೊಂಡಿತು. ಅದಕ್ಕೆ ಅನುಕೂಲವೂ ಇತ್ತು. ಪುಸ್ತಕ ಒಂದು ವಸ್ತು, ಡೌನ್‌ಲೋಡ್ ಆಟ ಬರೀ ಲೈಸೆನ್ಸು. ಅದನ್ನು ಮತ್ತೆ ಮಾರುವ ಮಾತೇ ಇಲ್ಲ. ಡಲ್ಲಾಸ್‌ನ ಆ ತಮ್ಮ ಒಂದು ಸಲ "ಅಲ್ಲಿಂದ ಗಿಫ್ಟ್ ಕಳಿಸಣ್ಣ, ದುಡ್ಡು ಕಳಿಸ್ತೀನಿ" ಅಂದಿದ್ದ. ಆಗುವುದಿಲ್ಲ. ಎರಡು ದೇಶಗಳ ಬೆಲೆಯಲ್ಲಿ ಅಂತರ ಜಾಸ್ತಿ ಇದ್ದರೆ ಗಿಫ್ಟ್ ಹೋಗದ ಹಾಗೆ ಸ್ಟೀಮ್ 2017ರಲ್ಲೇ ಮಾಡಿದೆ. ಖಾತೆಯ ದೇಶ ಬದಲಿಸಬೇಕೆಂದರೆ ಆ ದೇಶದ್ದೇ ಕಾರ್ಡು ಬೇಕು, ಮತ್ತು 2021ರಿಂದ ಮೂರು ತಿಂಗಳಿಗೆ ಒಂದೇ ಸಲ. ಈ ಬೀಗಗಳನ್ನು ಬೈಯುವವರು ಬಹಳ. ನನಗನ್ನಿಸುವುದು, ಈ ಬೀಗ ಇರುವುದರಿಂದಲೇ ನಮಗೆ 2,999. ಬೀಗ ಮುರಿದರೆ ಏನಾಗುತ್ತದೆ ಅನ್ನುವುದಕ್ಕೆ ಅರ್ಜೆಂಟೀನಾದವರನ್ನು ಕೇಳಬೇಕು.

ಅರ್ಜೆಂಟೀನಾದಲ್ಲಿ ಸ್ಟೀಮ್ ಬೆಲೆ ಅಲ್ಲಿನ ಪೆಸೊದಲ್ಲಿತ್ತು, ಟರ್ಕಿಯಲ್ಲಿ ಲಿರಾದಲ್ಲಿ. ಎರಡೂ ದೇಶಗಳಲ್ಲಿ ಹಣದ ಬೆಲೆ ನೋಡನೋಡುತ್ತಲೇ ಕರಗುತ್ತಿತ್ತು. ಟರ್ಕಿಯ ಹಣದುಬ್ಬರ 2022ರ ಅಕ್ಟೋಬರಿನಲ್ಲಿ ಶೇ. 85 ದಾಟಿತು. ಅರ್ಜೆಂಟೀನಾದ್ದು 2023ರ ಕೊನೆಗೆ ಶೇ. 211. ಅಂಗಡಿಯಲ್ಲಿ ಅಕ್ಕಿ ಬೆಲೆ ವಾರ ವಾರ ಏರುತ್ತಿದ್ದರೂ ಆಟದ ಬೆಲೆ ಹಳೆಯ ಪೆಸೊದಲ್ಲೇ ಕೂತಿತ್ತು, ಯಾಕೆಂದರೆ ಎಷ್ಟೋ ಪ್ರಕಾಶಕರು ಒಮ್ಮೆ ಹಾಕಿದ ಬೆಲೆಯನ್ನು ಮತ್ತೆ ಮುಟ್ಟಿರಲೇ ಇಲ್ಲ. ಡಾಲರಿಗೆ ತಿರುಗಿಸಿದರೆ ಆ ಬೆಲೆ ಚಿಲ್ಲರೆ ಕಾಸು. ಆಗ ಬೇರೆ ದೇಶದವರು ವಿಪಿಎನ್ (ಬೇರೆ ದೇಶದಿಂದ ಇಂಟರ್ನೆಟ್‌ಗೆ ಬಂದಂತೆ ತೋರಿಸುವ ತಂತ್ರಾಂಶ) ಹಾಕಿಕೊಂಡು, ಖಾತೆಯಲ್ಲಿ ಅರ್ಜೆಂಟೀನಾ ಅಂತ ತೋರಿಸಿ, ಕೊಳ್ಳಲು ಶುರು ಮಾಡಿದರು. ಐದಂಕಿ ಡಾಲರ್ ಸಂಬಳದವರು ಕೂಡ. ಅಂಥವರ ಜಾಣತನದ ವಿಡಿಯೊಗಳನ್ನು ನಾನು ನೋಡಿದ್ದೇನೆ, ಎಷ್ಟು ಉಳಿಸಿದೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

2022ರ ಅಕ್ಟೋಬರಿನಲ್ಲಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಪ್ರಕಾಶಕರಿಗೆ ಹೊಸ ಸಲಹಾ ಬೆಲೆ ಪಟ್ಟಿ ಕೊಟ್ಟಿತು. 59.99 ಡಾಲರಿನ ಆಟಕ್ಕೆ ಅರ್ಜೆಂಟೀನಾದಲ್ಲಿ ಶೇ. 485, ಟರ್ಕಿಯಲ್ಲಿ ಶೇ. 454 ಏರಿಕೆ. ಒಂದು ವರ್ಷ ಕಳೆಯುವಷ್ಟರಲ್ಲಿ, 2023ರ ನವೆಂಬರ್ 20ರಂದು, ಪೆಸೊ ಲಿರಾ ಎರಡನ್ನೂ ತೆಗೆದೇಬಿಟ್ಟರು. ಇನ್ನು ಮುಂದೆ ಡಾಲರ್ ಮಾತ್ರ. ಎಷ್ಟೋ ಆಟಗಳ ಬೆಲೆ ಒಂದೇ ರಾತ್ರಿಯಲ್ಲಿ ಹಲವು ಪಟ್ಟಾಯಿತು. ವಿಪಿಎನ್ ಹಾಕಿದವನು ತನ್ನ ದೇಶದ ಖಾತೆಗೆ ವಾಪಸ್ ಹೋದ. ಬ್ಯೂನಸ್ ಐರಿಸ್‌ನ ಕಾಲೇಜು ಹುಡುಗ ಎಲ್ಲಿಗೆ ಹೋಗಬೇಕು?

ನ್ಯಾಯವಾಗಿ ಹೇಳಬೇಕೆಂದರೆ ಈ ಬದಲಾವಣೆಯಿಂದ ಲಾಭವಾದವರೂ ಇದ್ದಾರೆ. ಅರ್ಜೆಂಟೀನಾದ ಜೊತೆ ಒಂದು ಲ್ಯಾಟಿನ್ ಅಮೆರಿಕ ಗುಂಪು, ಟರ್ಕಿಯ ಜೊತೆ ಒಂದು ಪಶ್ಚಿಮ ಏಷ್ಯಾ–ಉತ್ತರ ಆಫ್ರಿಕಾ ಗುಂಪು ಮಾಡಿದರು. ಬೊಲಿವಿಯಾ, ಈಜಿಪ್ಟ್‌ನಂಥ ದೇಶಗಳಿಗೆ ಅಲ್ಲಿಯವರೆಗೆ ಅಮೆರಿಕದ ಬೆಲೆಯೇ ಇತ್ತು. ಈಗ ಅವರಿಗೆ ಕಡಿಮೆ ಬೆಲೆ ಇಡಲು ದಾರಿಯಾಯಿತು. ನೇಪಾಳ, ಪಾಕಿಸ್ತಾನ, ಶ್ರೀಲಂಕಾಗಳಿಗೂ ಹೀಗೇ ದಕ್ಷಿಣ ಏಷ್ಯಾ ಅಂತ ಒಂದು ಡಾಲರ್ ಗುಂಪಿದೆ. ನಮ್ಮ ರೂಪಾಯಿ ಮೆಲ್ಲಗೆ ಇಳಿಯುತ್ತದೆಯೇ ಹೊರತು ಕುಸಿದು ಬೀಳುವುದಿಲ್ಲ. ಅದಕ್ಕೇ ನಮ್ಮದು ಇನ್ನೂ ಸ್ಟೀಮ್‌ನ ಕರೆನ್ಸಿ ಪಟ್ಟಿಯಲ್ಲಿ ಉಳಿದಿದೆ.

ಬೇಲಿ ಎಲ್ಲಿ ಹಾಕಬೇಕು ಅನ್ನುವ ಜಗಳ ಯುರೋಪಿನಲ್ಲಿ ಬೇರೆ ರೂಪದಲ್ಲಿ ಬಂತು. ಪೋಲೆಂಡ್, ಹಂಗೇರಿ, ರೊಮೇನಿಯಾ ಮುಂತಾದ ಕಡೆ ಕೊಂಡ ಕೀಗಳು, ಅಂದರೆ ಆಟ ತೆರೆಯುವ ಕೋಡುಗಳು, ಜರ್ಮನಿ ಫ್ರಾನ್ಸ್‌ನಲ್ಲಿ ನಡೆಯದ ಹಾಗೆ ತಡೆದಿದ್ದರು. ಒಂದೇ ಮಾರುಕಟ್ಟೆಯ ಒಳಗೆ ಹೀಗೆ ಮಾಡುವಂತಿಲ್ಲ ಅಂತ ಯುರೋಪಿಯನ್ ಕಮಿಷನ್ 2021ರ ಜನವರಿಯಲ್ಲಿ ವಾಲ್ವ್ ಮತ್ತು ಐದು ಪ್ರಕಾಶಕರಿಗೆ ಒಟ್ಟು 78 ಲಕ್ಷ ಯುರೋ ದಂಡ ಹಾಕಿತು. ಕಾನೂನಿನ ಪ್ರಕಾರ ಸರಿಯೇ. ಆದರೆ ಪೋಲೆಂಡಿನವರ ಪಾಡು ನೋಡಿ. 2022ರ ಆ ಪಟ್ಟಿ ಬಂದ ಹೊತ್ತಿಗೆ ಅವರ ಜ್ಲಾಟಿ ತೀರಾ ಕೆಳಗಿತ್ತು, ಡಾಲರಿಗೆ ಐದರ ಹತ್ತಿರ. ಆಮೇಲೆ ಅದು ಚೇತರಿಸಿಕೊಂಡಿತು, ಪಟ್ಟಿ ಚೇತರಿಸಿಕೊಳ್ಳಲಿಲ್ಲ. ಹಾಗಾಗಿ ಪೋಲೆಂಡಿನ ಹುಡುಗ ಎಷ್ಟೋ ಆಟಗಳಿಗೆ ಅಮೆರಿಕದವನಿಗಿಂತ ಜಾಸ್ತಿ ಕೊಟ್ಟ. ಯಾರೂ ಬೇಕಂತ ಮಾಡಿದ್ದಲ್ಲ, ಸುಮ್ನೆ ಯಾರೂ ತಿರುಗಿ ನೋಡಲಿಲ್ಲ ಅಷ್ಟೆ.

ನಮ್ಮ ಕಥೆಗೆ ಬರೋಣ. ಸ್ಟೀಮ್‌ಗೆ ರೂಪಾಯಿ ಬಂದದ್ದು 2015ರಲ್ಲಿ. ಅದಕ್ಕೆ ಮೊದಲು ಎಲ್ಲ ಡಾಲರಿನಲ್ಲಿತ್ತು, ವಿದೇಶಿ ವ್ಯವಹಾರ ನಡೆಯುವ ಕ್ರೆಡಿಟ್ ಕಾರ್ಡ್ ಬೇಕಿತ್ತು. 2013ರ ಆಗಸ್ಟ್‌ನಲ್ಲಿ ಡಾಲರ್ 68 ರೂಪಾಯಿ ಮುಟ್ಟಿದಾಗ ಆಟಗಳ ಬೆಲೆಯೂ ತಾನಾಗಿಯೇ ಏರಿತು. ಅಪ್ಪನ ಹತ್ತಿರ ಕಾರ್ಡ್ ಇಲ್ಲದವರು, ಅಂದರೆ ಬಹುತೇಕ ಎಲ್ಲರೂ, ಮೆಜೆಸ್ಟಿಕ್ ಸುತ್ತಮುತ್ತ ಸಿಗುತ್ತಿದ್ದ ನಕಲಿ ಸಿಡಿ ತರುತ್ತಿದ್ದರು. ಇಲ್ಲವೇ ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ಕೌಂಟರ್ ಸ್ಟ್ರೈಕ್. ಪೈರಸಿ ಬೆಲೆಯ ಸಮಸ್ಯೆಗಿಂತ ಹೆಚ್ಚಾಗಿ ಸೇವೆಯ ಸಮಸ್ಯೆ ಅನ್ನುವುದು ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ 2011ರಲ್ಲೇ ಹೇಳಿದ ಮಾತು. ಎಲ್ಲರೂ ಕದಿಯುತ್ತಾರೆ ಅಂತ ಹೆದರಿಸಿದ್ದ ರಷ್ಯಾದಲ್ಲೇ ತಮ್ಮ ವ್ಯಾಪಾರ ಚೆನ್ನಾಗಿ ಬೆಳೆದ ಉದಾಹರಣೆ ಕೊಟ್ಟಿದ್ದರು. ಆ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಯುಪಿಐನಲ್ಲಿ ಎರಡು ಸಲ ಒತ್ತಿದರೆ ಆಟ ಬರುತ್ತದೆ ಅನ್ನುವುದು ದೊಡ್ಡ ವಿಷಯವೇ. ಆದರೆ ಎಂಟು ದಿನದ ಕೂಲಿಯ ಮುಂದೆ ಸೇವೆ ಎಷ್ಟು ಚೆನ್ನಾಗಿದ್ದರೇನು?

ಇಷ್ಟೂ ಹೊತ್ತು ಹೇಳಿದ್ದು ಆಟದ ಮಾತು. ಆಡಲು ಯಂತ್ರ ಬೇಡವೇ? ತಮ್ಮ ಮರೆಯುವುದು ಇದನ್ನೇ. ಪ್ಲೇಸ್ಟೇಷನ್ 5 ಎಂಬ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಅಮೆರಿಕದಲ್ಲಿ 499 ಡಾಲರಿಗೆ ಬಿಡುಗಡೆಯಾಯಿತು. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಬೆಲೆ 49,990 ರೂಪಾಯಿ. ಆಗಿನ ಡಾಲರ್ ದರದಲ್ಲಿ 499 ಅಂದರೆ 36,500 ರೂಪಾಯಿಯೊಳಗೆ. ಅವರ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿಲ್ಲ, ನಮ್ಮದರಲ್ಲಿ ಸುಂಕ, ಜಿಎಸ್‌ಟಿ ಎಲ್ಲ ಸೇರಿದೆ ಅನ್ನುವುದು ನಿಜ. ಆದರೂ ಕಡಿಮೆ ಸಂಬಳದ ದೇಶಕ್ಕೆ ಜಾಸ್ತಿ ಬೆಲೆ. ಮುಂದಿನ ವರ್ಷವೇ ಅದು 54,990 ಆಯಿತು. ಎಸ್‌ಪಿ ರೋಡಿನಲ್ಲಿ ಗ್ರಾಫಿಕ್ಸ್ ಕಾರ್ಡ್ ವಿಚಾರಿಸಿ ಬಂದವರಿಗೆ ಈ ನೋವು ಗೊತ್ತು. ಬ್ರೆಜಿಲ್‌ನವರ ನೋವು ಇನ್ನೂ ದೊಡ್ಡದು: 2013ರಲ್ಲಿ ಅಲ್ಲಿ ಪ್ಲೇಸ್ಟೇಷನ್ 4ರ ಬೆಲೆ 3,999 ರಿಯಾಲ್ ಇತ್ತು, ಆಗಿನ 1,800 ಡಾಲರಿಗೂ ಜಾಸ್ತಿ. ಅಮೆರಿಕದಲ್ಲಿ 399.

ಯಂತ್ರವನ್ನು ಹಡಗಿನಲ್ಲಿ ಸಾಗಿಸಬಹುದು, ಅಲ್ವಾ. ಅದಕ್ಕೇ ಅದನ್ನು ಒಂದು ದೇಶದಲ್ಲಿ ಅಗ್ಗಕ್ಕೆ ಕೊಡಲು ಹೆದರುತ್ತಾರೆ. ಜಪಾನಿನ ಆಟದ ಕಂಪನಿ ನಿಂಟೆಂಡೊ ಮಾತ್ರ 2025ರಲ್ಲಿ ಒಂದು ಚಾಲಾಕಿ ಉಪಾಯ ಮಾಡಿತು. ಯೆನ್ ದುರ್ಬಲವಾಗಿತ್ತು, ಜಪಾನಿನವರಿಗೆ ಡಾಲರ್ ಲೆಕ್ಕದ ಬೆಲೆ ಭಾರ. ಹಾಗಾಗಿ ಸ್ವಿಚ್ 2 ಯಂತ್ರದ ಜಪಾನಿ ಭಾಷೆ ಮಾತ್ರ ಇರುವ ಮಾದರಿಗೆ 49,980 ಯೆನ್, ಎಲ್ಲ ಭಾಷೆಗಳಿರುವುದಕ್ಕೆ 69,980 ಯೆನ್. ಭಾಷೆಯೇ ಬೇಲಿ! ಹೊರಗಿನವರು ಅಗ್ಗದ್ದನ್ನು ಕೊಂಡು ಹೋದರೂ ಜಪಾನಿ ಓದಲು ಬರಬೇಕು, ಖಾತೆಯೂ ಜಪಾನಿನದ್ದೇ ಆಗಿರಬೇಕು. ಕನ್ನಡದ್ದೊಂದು ಇಂಥ ಮಾದರಿ ಬಂದರೆ ಮೊದಲ ದಿನವೇ ಕ್ಯೂ ನಿಲ್ಲುತ್ತೇನೆ. ಸದ್ಯಕ್ಕೆ ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಅಂಗಡಿಯನ್ನೇ ತೆರೆದಿಲ್ಲ.

ಕನ್ಸೋಲ್‌ನಲ್ಲಿ ಆಟಗಳಿಗೂ ಅಷ್ಟೇನೂ ರಿಯಾಯಿತಿ ಇಲ್ಲ. ಅಮೆರಿಕದಲ್ಲಿ 69.99 ಡಾಲರಿನ ಪ್ಲೇಸ್ಟೇಷನ್ 5 ಆಟ ಇಲ್ಲಿ 4,999. ಇಲ್ಲಿ ನಮ್ಮ ಜನ ಕಂಡುಕೊಂಡ ದಾರಿ ಡಿಸ್ಕ್. ಕೊಳ್ಳುವುದು, ಆಡಿ ಮುಗಿಸುವುದು, ಸ್ವಲ್ಪ ಕಡಿಮೆಗೆ ಇನ್ನೊಬ್ಬರಿಗೆ ದಾಟಿಸುವುದು. ಕಿರ್ತ್‌ಸೇಂಗ್‌ನ ಹಕ್ಕು ಡಿಸ್ಕಿನಲ್ಲಿ ಇನ್ನೂ ಜೀವಂತವಾಗಿದೆ. ಡಿಸ್ಕ್ ಹಾಕುವ ಜಾಗವೇ ಇಲ್ಲದ ಕನ್ಸೋಲ್ ಅಗ್ಗ ಅಂತ ಕೊಳ್ಳುವವರಿಗೆ ನಾನು ಇದನ್ನೇ ಹೇಳುವುದು. ಯಂತ್ರದಲ್ಲಿ ಉಳಿಸಿದ್ದನ್ನು ಆಟದಲ್ಲಿ ಕಳೆದುಕೊಳ್ಳುತ್ತೀರಿ.

ತಮ್ಮನಿಗೆ ಹೇಳಬೇಕಾದ ಇನ್ನೊಂದು ಮಾತಿದೆ. ನಮಗೆ ಬೆಲೆ ಇಳಿಸಿದ ಅಂತರವೇ ನಮ್ಮ ಸಂಬಳವನ್ನೂ ಇಳಿಸಿದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದರು. ದೇಶದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಅದೂ ಒಂದು. ವರ್ಷಗಟ್ಟಲೆ ಅವರ ಮುಖ್ಯ ಕೆಲಸ ಹೊರಗಿನ ದೊಡ್ಡ ಆಟಗಳಿಗೆ ಚಿತ್ರ, ಮಾದರಿ ಮಾಡಿಕೊಡುವುದು. 2019ರಲ್ಲಿ ಅಮೆರಿಕದ ಆಟದ ಕಂಪನಿ ರಾಕ್‌ಸ್ಟಾರ್ ಅದನ್ನು 79 ಲಕ್ಷ ಡಾಲರಿಗೆ ಕೊಂಡು, ಬೆಂಗಳೂರಿನಲ್ಲಿ ಮೊದಲೇ ಇದ್ದ ತನ್ನ ಸ್ಟುಡಿಯೊಗೆ ಸೇರಿಸಿಕೊಂಡಿತು. ರಾಕ್‌ಸ್ಟಾರ್‌ನದ್ದೇ ಆಟ ರೆಡ್ ಡೆಡ್ ರಿಡೆಂಪ್ಷನ್ 2ರ ಕೊನೆಯ ಹೆಸರುಗಳ ಪಟ್ಟಿಯನ್ನು ಸ್ಕಿಪ್ ಮಾಡದೆ ನೋಡಿ, ನಮ್ಮ ಕಡೆಯ ಹೆಸರುಗಳು ಸಿಗುತ್ತವೆ. ಇಲ್ಲಿನ ಕಲಾವಿದರು ಒಳ್ಳೆಯವರು ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಕ್ಯಾಲಿಫೋರ್ನಿಯಾದ ಒಬ್ಬರ ಸಂಬಳದಲ್ಲಿ ಇಲ್ಲಿ ಹಲವರು ಸಿಗುತ್ತಾರೆ ಅನ್ನುವ ಲೆಕ್ಕವೂ ಇದ್ದೇ ಇರುತ್ತದೆ. ವೆನೆಜುವೆಲಾದಲ್ಲಿ ಈ ಲೆಕ್ಕ ಕೊನೆಯ ಮೆಟ್ಟಿಲಿಗೆ ಹೋಯಿತು. ದೇಶದ ಆರ್ಥಿಕತೆ ಕುಸಿದಾಗ ಅಲ್ಲಿನ ಜನ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆಟದಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಬಂದ ಚಿನ್ನವನ್ನು ಹೊರದೇಶದ ಆಟಗಾರರಿಗೆ ಮಾರಿ, ನಿಜವಾದ ದಿನಸಿ ತಂದರು. ಒಬ್ಬರ ಬಿಡುವಿನ ಆಟ ಇನ್ನೊಬ್ಬರಿಗೆ ದಿನಗೂಲಿ.

ಇನ್ನು, ಭಾರತದ ಬೆಲೆ ಅನ್ನುವಾಗ ಯಾವ ಭಾರತ? ವೈಟ್‌ಫೀಲ್ಡ್‌ನ ಟೀಮ್ ಲೀಡ್‌ಗೂ ಹೊಸದುರ್ಗದ ಡಿಗ್ರಿ ಹುಡುಗನಿಗೂ ಅದೇ 2,999. ಮೊದಲಿನವನಿಗೆ ಅದು ವಾರಾಂತ್ಯದ ಊಟದ ಬಿಲ್ಲು. ಇಬ್ಬರ ನಡುವಿನ ದೂರ ಎಷ್ಟೋ ಸಲ ಡಲ್ಲಾಸ್‌ಗೂ ವೈಟ್‌ಫೀಲ್ಡ್‌ಗೂ ಇರುವುದಕ್ಕಿಂತ ಜಾಸ್ತಿ. ದೇಶದ ಒಳಗೆ ಬೇಲಿ ಹಾಕಲು ಆಗುವುದಿಲ್ಲವಾದ್ದರಿಂದ ಅಂಗಡಿ ಕಾಲವನ್ನು ಬಳಸುತ್ತದೆ. ತಡೆಯಲಾರದವನು ಬಿಡುಗಡೆಯ ದಿನ ಪೂರ್ತಿ ಕೊಡುತ್ತಾನೆ. ಕಾಯಬಲ್ಲವನು ಬೇಸಿಗೆ ಸೇಲಿಗೋ, ಸಂಕ್ರಾಂತಿಗೆ ಮುಂಚೆ ಮುಗಿಯುವ ಚಳಿಗಾಲದ ಸೇಲಿಗೋ ಕಾಯುತ್ತಾನೆ. 2015ರ ದಿ ವಿಚರ್ 3 ಈಗ ಸೇಲಿನಲ್ಲಿ ಎಂಬತ್ತು ತೊಂಬತ್ತು ಪರ್ಸೆಂಟ್ ಕಡಿತಕ್ಕೆ ಸಿಗುತ್ತದೆ. ಫೋನಿನ ಆಟಗಳು ಇನ್ನೊಂದು ದಾರಿ ಹಿಡಿದವು. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ಮೊಬೈಲ್ ನಿಷೇಧವಾಗಿ, 2021ರ ಜುಲೈನಲ್ಲಿ ಬಿಜಿಎಂಐ ಹೆಸರಿನಲ್ಲಿ ಮತ್ತೆ ಬಂತು. ಆಟ ಪುಕ್ಕಟೆ. ಬಂದೂಕಿನ ಬಣ್ಣಕ್ಕೆ ದುಡ್ಡು ಸುರಿಯುವ ಕೆಲವರು ಉಳಿದವರ ಖರ್ಚನ್ನೂ ಹೊರುತ್ತಾರೆ. ನ್ಯಾಯ ಅನ್ನಿಸಬಹುದು, ಆದರೆ ಹದಿನಾಲ್ಕು ವರ್ಷದ ಹುಡುಗರಿಗೆ ಆಸೆ ಹುಟ್ಟಿಸಿ ಹುಟ್ಟಿಸಿ ಕೊಳ್ಳುವಂತೆ ಮಾಡುವ ಆ ವ್ಯವಸ್ಥೆ ನನಗೆ ಹಿಡಿಸುವುದಿಲ್ಲ. ಅದಕ್ಕಿಂತ ಸೇಲಿಗೆ ಕಾಯುವುದು ಮೇಲು.

ಹೊಸದುರ್ಗದ ಹುಡುಗನ ಹತ್ತಿರ ಇರುವುದು ಅಸೈನ್‌ಮೆಂಟ್ ಮಾಡಲು ಕೊಂಡ ಲ್ಯಾಪ್‌ಟಾಪು. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಬಾಲ್ಡರ್ಸ್ ಗೇಟ್ ಸರಿಯಾಗಿ ಓಡುವುದೇ ಇಲ್ಲ. ಅದರ ಬೆಲೆ 2,999 ಆದರೇನು, 5,100 ಆದರೇನು? ಅವನ ಯಂತ್ರದಲ್ಲಿ ನಡೆಯುವುದು ಒಬ್ಬಿಬ್ಬರು ಕೂತು ಮಾಡಿದ ಸಣ್ಣ ಆಟಗಳು, ಹತ್ತು ಹದಿನೈದು ಡಾಲರಿನವು. ದೊಡ್ಡ ಆಟದ ಬೆಲೆ ಏರಿದಾಗ ಎಲ್ಲೆಡೆ ಗಲಾಟೆ ಆಗುತ್ತದೆ, ಸಣ್ಣ ಆಟದ್ದು ಏರಿದಾಗ ಯಾರೂ ಕೇಳುವುದಿಲ್ಲ. 2022ರ ಪಟ್ಟಿಯಲ್ಲಿ ಭಾರತದ ಅಂಕಿಗಳೂ ಏರಿದವು. ಆ ಪಟ್ಟಿ ಬರೀ ಸಲಹೆ, ಪಾಲಿಸಲೇಬೇಕು ಅಂತ ಇಲ್ಲ. ಆದರೆ ಒಬ್ಬರೇ ಕೂತು ಆಟ ಮಾಡುವವರಿಗೆ ಮೂವತ್ತು ನಲವತ್ತು ಕರೆನ್ಸಿಗಳ ಲೆಕ್ಕ ಹಾಕುವ ಪುರುಸೊತ್ತು ಎಲ್ಲಿರುತ್ತದೆ? ಬಂದ ಅಂಕಿಯನ್ನೇ ಒಪ್ಪಿ ಬಟನ್ ಒತ್ತುತ್ತಾರೆ. ಅಂಥವರಿಗೆ ನಾನು ಆಗಾಗ ಬರೆಯುತ್ತೇನೆ, ಭಾರತದ ಬೆಲೆಯನ್ನು ಒಮ್ಮೆ ನೋಡಿ, ಇಲ್ಲಿ ಐನೂರರೊಳಗೆ ಇಟ್ಟರೆ ಕೊಳ್ಳುವವರು ಬೇರೆಯೇ ಜನ ಅಂತ. ಕೆಲವರು ಇಳಿಸಿದ್ದಾರೆ.